ಪರದೇಶಕ್ಕೆ ಮುಟ್ಟಿಸಿದ ಆಯೇರಿ

ಇಳಕಲ್ ಬಸ್ ನಿಲ್ದಾಣದಲ್ಲಿ ಬಹಳ ವರ್ಷ ಬಸ್ಸುಗಳ ಹೆಸರು ಕೂಗಿದ ನಿಯಂತ್ರಕರು ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಿನವರಿಗೆ ಅದು ಗೊತ್ತಿದೆ. ಹೊರಗಿನವರಿಗೆ ಅದರಿಂದ ಪ್ರಯೋಜನವಿಲ್ಲ. ಸಂತಾಪ ಸಭೆಯಲ್ಲಿ ಮಾತನಾಡಿದವರು, ಅವರು ಶಿಸ್ತಿನ ಮನುಷ್ಯರು, ಆದರೆ ರೊಕ್ಕದ ವಿಷಯದಲ್ಲಿ ಬಹಳ ಬಿಗಿ ಎಂದರು. ಸಾಕ್ಷಿಯಾಗಿ, ಅವರು ಬ್ಯಾಂಕಿನಲ್ಲಿ ಒಂದು ರೂಪಾಯಿಗಾಗಿ ಮಧ್ಯಾಹ್ನದವರೆಗೆ ಜಗಳಾಡಿದ ಕಥೆಯನ್ನು ಹೇಳಿದರು. ಸಭೆ ಸಂತಾಪವನ್ನು ಬದಿಗಿಟ್ಟು ನಕ್ಕಿತು. ನಾನು ನಗಲಿಲ್ಲ. ಆ ದಿನ ಬ್ಯಾಂಕಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವನು ನಾನು. ಜಗಳ ಒಂದು ರೂಪಾಯಿಗಾಗಿ ಇರಲಿಲ್ಲ, ಅರ್ಧ ಪೈಸೆಗಾಗಿ ಇತ್ತು. ಅದೂ ಅದನ್ನು ಉಳಿಸುವುದಕ್ಕಲ್ಲ, ಕೊಡುವುದಕ್ಕೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಿಲ್ದಾಣದ ಎದುರು ಸೈಕಲ್ ದುರಸ್ತಿಯ ಅಂಗಡಿ ಇಟ್ಟುಕೊಂಡು, ಕೆಲಸವಿಲ್ಲದ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಕಲಿತೆ. ಕಲಿಸುವವರು ಇಲ್ಲದ್ದರಿಂದ, ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವ ಅಭ್ಯಾಸ ನನಗೆ ಬೆಳೆಯಲಿಲ್ಲ. ಇಲ್ಲಿ ನಾನು ಕಂಡದ್ದನ್ನು ಬರೆಯುತ್ತೇನೆ. ಕೇಳಿದ್ದಾದರೆ ಕೇಳಿದ್ದೆಂದು ಹೇಳುತ್ತೇನೆ.

ಅವರದು ದೊಡ್ಡ ಧ್ವನಿ ಎಂದು ಎಲ್ಲರೂ ಹೇಳುತ್ತಾರೆ. ಅದೂ ಪೂರ್ತಿ ನಿಜವಲ್ಲ. ಧ್ವನಿ ಸಾಧಾರಣವಾಗಿಯೇ ಇತ್ತು; ಆದರೆ ಒಂದೊಂದು ಅಕ್ಷರವನ್ನೂ ಅವರು ಗ್ರಾನೈಟಿನ ಚಪ್ಪಡಿ ಇಳಿಸಿದ ಹಾಗೆ ಇಳಿಸುತ್ತಿದ್ದರು, ಅಂಚು ಒಡೆಯದಂತೆ. ಒಂದು ದಿನ ಬಾದಾಮಿಯ ಬಸ್ಸು ರದ್ದಾಯಿತು. ಉಳಿದ ನಿಯಂತ್ರಕರಾಗಿದ್ದರೆ ತಡವಾಗಿ ಬರುತ್ತದೆ ಎಂದು ಜನರನ್ನು ಕೂಡಿಸಿಡುತ್ತಿದ್ದರು. ಇವರು ಮೈಕಿನಲ್ಲಿ, “ಕೆರೂರ ಮಾರ್ಗವಾಗಿ ಬಾದಾಮಿಗೆ ಹೋಗುವ ಬಸ್ಸು ಬರೂದಿಲ್ಲ. ಯಾಕ ಬರೂದಿಲ್ಲ ಅಂತ ನನಗೂ ಹೇಳಿಲ್ಲ,” ಎಂದರು. ಮೇಲಿನವರು ಸಮಜಾಯಿಷಿ ಕೇಳಿದಾಗ, ತಮ್ಮ ಪ್ರಕಟಣೆಯಲ್ಲಿ ಯಾವ ಶಬ್ದ ಸುಳ್ಳು ಎಂಬುದನ್ನು ತಿಳಿಸಿದರೆ ಆ ಶಬ್ದವನ್ನು ಮುಂದೆ ಬಳಸುವುದಿಲ್ಲ ಎಂದು ಉತ್ತರ ಕೊಟ್ಟರಂತೆ. ಈ ಉತ್ತರವನ್ನು ನಾನು ಕಂಡಿಲ್ಲ, ಅವರ ಬಾಯಿಂದ ಕೇಳಿದ್ದೇನೆ.

ರಜೆಯ ದಿನಗಳಲ್ಲಿ ಅವರು ಮದುವೆಗಳಲ್ಲಿ ಆಯೇರಿ ಕೂಗುತ್ತಿದ್ದರು. ನಮ್ಮ ಕಡೆ ಬಂಧುಬಳಗದವರು ಮದುಮಕ್ಕಳಿಗೆ ಕೊಡುವ ಬಟ್ಟೆ, ಹಣ ಯಾವುದಿದ್ದರೂ ಆಯೇರಿಯೇ. ಅದನ್ನು ಸುಮ್ಮನೆ ಕೈಯಲ್ಲಿ ತುರುಕಿ ಊಟಕ್ಕೆ ಹೋಗುವಂತಿಲ್ಲ. ಯಾವ ಊರಿನವರು, ಏನಾಗಬೇಕು, ಎಷ್ಟು ಕೊಟ್ಟರು ಎಂಬುದನ್ನು ಒಬ್ಬರು ಮೈಕಿನಲ್ಲಿ ಕೂಗಿ ಹೇಳಬೇಕು. ಇಡೀ ಹಂದರ ಕೇಳಬೇಕು. ಇದನ್ನು ಆಡಂಬರವೆಂದು ಬರೆದವರಿದ್ದಾರೆ. ಹಾಗೆ ಬರೆದವರು ಹಂದರದಲ್ಲಿ ಎಲ್ಲಿ ಕುಳಿತಿದ್ದರೋ ನನಗೆ ತಿಳಿಯದು. ನಾನು ಕಂಡಂತೆ, ಆ ಹೊತ್ತಿನಲ್ಲಿ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದರೂ ಕಿವಿ ಮಾತ್ರ ಮೈಕಿನ ಕಡೆಗೇ ಇರುತ್ತದೆ. ತನ್ನ ಕಡೆಯವರು ಇಷ್ಟು ಜನ ಇದ್ದಾರೆ ಎಂದು ಹೋಗಿ ಸೇರುವ ಮನೆಯವರಿಗೆ ತಿಳಿಯುತ್ತಿದೆಯಲ್ಲ, ಅದನ್ನು ಅವಳು ಎಣಿಸುತ್ತಿರುತ್ತಾಳೆ.

ಆಯೇರಿಯ ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು, ಒಂದರಲ್ಲಿ ನಿಲ್ಲಬೇಕು. ನೂರಾ ಒಂದು, ಐನೂರಾ ಒಂದು, ಹೀಗೆ. ಏಕೆ ಎಂದು ನಾನು ಹಿರಿಯರನ್ನು ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು, ಯಾವುದಕ್ಕೂ ಆಧಾರ ಕೊಡಲಿಲ್ಲ. ಇವರು ಕಾರಣ ಹೇಳುವ ಗೋಜಿಗೆ ಹೋಗದೆ ನಿಯಮವನ್ನಷ್ಟೇ ನಡೆಸುತ್ತಿದ್ದರು. ಕೆರೂರಿನ ಒಂದು ಮದುವೆಯಲ್ಲಿ ದೊಡ್ಡ ವ್ಯಾಪಾರಿಯೊಬ್ಬರು ಹೊಸ ನೋಟುಗಳ ಕಟ್ಟು ಕೊಟ್ಟು ಫೋಟೋಕ್ಕೆ ನಿಂತರು. ಇವರು ಕೂಗಲಿಲ್ಲ. ಮೈಕನ್ನು ಎದೆಗೆ ಒತ್ತಿಕೊಂಡು, “ಸಾವ್ಕಾರ್ರ, ಒಂದು ಇಲ್ರಿ,” ಎಂದರು. ವ್ಯಾಪಾರಿಯ ಬಳಿ ಒಂದು ರೂಪಾಯಿ ಇರಲಿಲ್ಲ, ಅವರ ಚಾಲಕನ ಬಳಿ ಇತ್ತು, ಚಾಲಕ ಊಟಕ್ಕೆ ಕುಳಿತಿದ್ದ. ಅವನು ಮಜ್ಜಿಗೆ ಕುಡಿದು ಏಳುವವರೆಗೆ ಮದುವೆ ನಿಂತಿತು.

ಇನ್ನು ಆ ನೇಪಾಳಿ ಕುಟುಂಬದ ವಿಷಯ. ಇಳಕಲ್ಲಿನ ಪೇಟೆಯನ್ನು ಸೀಟಿ ಊದುತ್ತ ಕಾಯುತ್ತಿದ್ದ ಕಾವಲುಗಾರನನ್ನು ಊರು ಬಹಾದ್ದೂರ ಎಂದು ಕರೆಯುತ್ತಿತ್ತು. ಅದು ಅವನ ಹೆಸರಲ್ಲ. ನಿಜವಾದ ಹೆಸರನ್ನು ಊರಿನಲ್ಲಿ ಕೇಳಿ ತಿಳಿದವರು ಇವರೊಬ್ಬರೇ. ಅವನ ಹೆಂಡತಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತು, ಅದರ ಜೊತೆಗೇ ನಮ್ಮ ಮಾತನ್ನೂ ಕಲಿತಿದ್ದಳು. ಒಬ್ಬಳೇ ಮಗಳು, ಇಲ್ಲಿಯೇ ಹುಟ್ಟಿದವಳು.

ನಾಗರ ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣ ತಮ್ಮಂದಿರು ಬಂದು ಕರೆದುಕೊಂಡು ಹೋಗುತ್ತಾರೆ, ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಪಂಚಮಿಯಲ್ಲಿ ಕಾವಲುಗಾರನ ಹೆಂಡತಿ ಮಗುವನ್ನು ಕಟ್ಟಿಕೊಂಡು ಬೆಳಿಗ್ಗೆಯಿಂದ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದಳು. ಹುನಗುಂದದ ಬಸ್ಸು ಹೋಯಿತು, ಬಾಗಲಕೋಟೆಯದು ಹೋಯಿತು, ಅವಳು ಏಳಲಿಲ್ಲ. ನಿಯಂತ್ರಕರು ಹೊರಗೆ ಬಂದು ಯಾವ ಊರಿಗೆ ಹೋಗಬೇಕಾಗಿದೆ ಎಂದು ಕೇಳಿದರು. ಅವಳು ಎಲ್ಲಿಗೂ ಇಲ್ಲ, ಹೋಗುವವರನ್ನು ನೋಡುತ್ತಿದ್ದೇನೆ ಎಂದಳು. ತನಗೆ ಒಡಹುಟ್ಟಿದ ಅಣ್ಣ ತಮ್ಮಂದಿರು ಯಾರೂ ಇಲ್ಲ, ಇದ್ದಿದ್ದರೂ ತನ್ನ ಊರಿಗೆ ಇಲ್ಲಿಂದ ಬಸ್ಸಿಲ್ಲ ಎಂದಳು. ಇದನ್ನು ನಾನು ಅಂಗಡಿಯಿಂದ ಕೇಳಿದೆ, ಏಕೆಂದರೆ ಅವರು ಮೈಕನ್ನು ಆರಿಸುವುದನ್ನು ಮರೆತು ಬಾಗಿಲಲ್ಲಿ ನಿಂತಿದ್ದರು. ಅರ್ಧ ನಿಲ್ದಾಣ ಕೇಳಿತು. ಅವರು ಕೆಲಸದ ಪಾಳಿ ಮುಗಿದ ಮೇಲೆ ಅವಳನ್ನು ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಉಂಡಿ ಕೊಟ್ಟು, ಉಡಿ ತುಂಬಿ ಕಳಿಸಿದರು.

ಆ ವರ್ಷದ ದೀಪಾವಳಿಗೆ ಅವಳು ಇವರನ್ನೇ ಅಣ್ಣನೆಂದುಕೊಂಡು, ತನ್ನ ನಾಡಿನ ಪದ್ಧತಿಯಂತೆ ಇವರ ಹಣೆಗೆ ಏಳು ಬಣ್ಣದ ಬೊಟ್ಟು ಇಟ್ಟಳು. ಇವರು ಬೀರಪ್ಪ ದೇವರ ಒಕ್ಕಲು. ಹಣೆಯಲ್ಲಿ ಆಗಲೇ ಅರಿಶಿನದ ಭಂಡಾರವಿತ್ತು. ಅದರ ಮೇಲೆ ಏಳು ಬಣ್ಣ ಏರಿಸಿಕೊಂಡು ಅವರು ಕೆಲಸಕ್ಕೆ ಬಂದರು. ಚಾಲಕರು ಒಬ್ಬೊಬ್ಬರಾಗಿ ಕಿಟಕಿಯ ಬಳಿ ಬಂದು ನೋಡಿ ಹೋದರು. ಒಬ್ಬ, “ಏನ್ರಿ ಸಾಹೇಬ್ರ, ಹಣಿ ಮ್ಯಾಲ ಇಳಕಲ್ ಸೀರಿ ಸೆರಗು ನೇಯ್ಸೀರೇನು?” ಎಂದ. ಅವರು ತಲೆ ಎತ್ತದೆ ಅವನ ಬಸ್ಸು ಹೊರಡುವ ಸಮಯವಾಗಿದೆ ಎಂದು ಮೈಕಿನಲ್ಲಿ ತಿಳಿಸಿದರು.

ಈ ಸಂಬಂಧಕ್ಕೆ ಊರು ಬೇರೆ ಅರ್ಥಗಳನ್ನೂ ಕಟ್ಟಿತು. ಆ ಅರ್ಥಗಳನ್ನು ಕಟ್ಟಿದವರನ್ನು ನಾನು ಒಬ್ಬೊಬ್ಬರಾಗಿ ಕೇಳಿದ್ದೇನೆ. ಎಲ್ಲರೂ ಇನ್ನೊಬ್ಬರಿಂದ ಕೇಳಿದವರೇ. ಆ ವಿಷಯ ಅಲ್ಲಿಗೆ ಸಾಕು.

ಹಲವು ವರ್ಷಗಳ ಮೇಲೆ ಕಾವಲುಗಾರ ಜ್ವರದಲ್ಲಿ ತೀರಿಕೊಂಡ. ತಾಯಿ ಮಗಳು ಅವನ ಅಣ್ಣನ ಆಸರೆಗೆಂದು ನೇಪಾಳಕ್ಕೆ ಹೊರಟರು. ಹುಡುಗಿ ಆಗ ಹೈಸ್ಕೂಲು ಮುಗಿಸಿದ್ದಳು, ಊರಿನ ಎಲ್ಲ ಹುಡುಗಿಯರಂತೆ ಮಾತನಾಡುತ್ತಿದ್ದಳು, ಬೈಯುತ್ತಿದ್ದಳು. ಇಲ್ಲಿಂದ ಬಸ್ಸಿಲ್ಲ ಎಂದು ತಾಯಿ ಹೇಳಿದ್ದ ಊರಿಗೆ ಹೋಗಲು ಎಷ್ಟು ಬಸ್ಸು, ಎಷ್ಟು ರೈಲು ಬದಲಿಸಬೇಕೆಂದು ಇವರು ಒಂದು ಹಾಳೆಯಲ್ಲಿ ಬರೆದುಕೊಟ್ಟು ಕಳಿಸಿದರು.

ಇವರು ನಿವೃತ್ತರಾದ ಮೇಲೆ ಮೂತ್ರಪಿಂಡಗಳು ಕೈಬಿಟ್ಟವು. ವಾರಕ್ಕೆ ಎರಡು ಸಲ ಬಾಗಲಕೋಟೆಯ ದವಾಖಾನೆಗೆ ಹೋಗಿ ಯಂತ್ರದ ಪಕ್ಕದಲ್ಲಿ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಾಯಿತು. ಅಂಗಡಿ ಮುಚ್ಚಿದ್ದ ನಾನು ಜೊತೆಗೆ ಹೋಗುತ್ತಿದ್ದೆ. ಹಾಗೆ ಹೋಗುತ್ತಿದ್ದಾಗ ಒಂದು ದಿನ ಬಸ್ಸಿನಲ್ಲಿಯೇ ಆ ತಾಯಿ ಮಗಳ ಫೋನು ಬಂತು. ಹುಡುಗಿಗೆ ಮದುವೆ ಗೊತ್ತಾಗಿತ್ತು, ದಿನ ಹತ್ತಿರದಲ್ಲಿತ್ತು. ಅವಳು ತಾನೇ ಮಾತನಾಡಿದಳು. ಇವರಿಗೆ ಕಿವಿ ಮಂದವಾಗಿದ್ದರಿಂದ ಸ್ಪೀಕರ್ ಹಾಕಿದ್ದರು, ಬಸ್ಸೆಲ್ಲ ಕೇಳಿತು.

“ಮಾಮಾ, ಇಲ್ಲಿ ಹುಡುಗನ ಕಡಿಯವ್ರು ದಿನಾ ಕೇಳಾಕತ್ತಾರ, ಹುಡುಗಿ ತಾಯಿ ಕಡಿಯವ್ರು ಯಾರದಾರ ಅಂತ. ಅಪ್ಪ ಇಲ್ಲ, ಮಾಮಾನೂ ಇಲ್ಲ ಅಂದ್ರ ನಾಳೆ ನನ್ನ ಹಗುರ ಹಿಡಿತಾರ. ನಿಮಗ ಬರಾಕ ಆಗೂದಿಲ್ಲ ಗೊತ್ತೈತಿ. ನಿಮ್ಮ ಆಯೇರಿ ಬರಲಿ. ಅದು ಬರೂತನಾ ನಾ ಮಣಿ ಮ್ಯಾಲ ಕುಂದ್ರಂಗಿಲ್ಲ.”

ತಾಯಿಯ ಅಣ್ಣನನ್ನು ಕರೆಯುವ ಶಬ್ದ ಎರಡೂ ಕಡೆ ಒಂದೇ, ಅಷ್ಟು ಅನುಕೂಲವಿತ್ತು. ಉಳಿದದ್ದೆಲ್ಲ ಅನಾನುಕೂಲ.

ಪರದೇಶಕ್ಕೆ ಹಣ ಕಳಿಸುವ ದಾರಿಗಳನ್ನು ನಾವಿಬ್ಬರು ಮರುದಿನದಿಂದಲೇ ವಿಚಾರಿಸಿದೆವು. ಇದರ ಬಗ್ಗೆ ಊರಿನಲ್ಲಿ ತಿಳಿಯದವರೇ ಇರಲಿಲ್ಲ, ತಿಳಿದವರು ಸಿಗುವುದು ಮಾತ್ರ ಕಷ್ಟವಾಯಿತು. ನಿಲ್ದಾಣದ ಬಳಿಯ ಅಂಗಡಿಯೊಂದರ ಫಲಕದಲ್ಲಿ ಎಲ್ಲ ದೇಶಗಳ ಬಾವುಟಗಳೂ ಇದ್ದವು. ಅಂಗಡಿಯವ ಆ ದೇಶಗಳಿಂದ ಹಣ ಬರುತ್ತದೆ, ಇಲ್ಲಿಂದ ಹೋಗುವುದಿಲ್ಲ ಎಂದ. “ಬರೂ ಬಸ್ಸು ಅಷ್ಟ, ಹೋಗೂ ಬಸ್ಸಿಲ್ಲ,” ಎಂದು ನಿಯಂತ್ರಕರು ನನಗೆ ವಿವರಿಸಿದರು, ನಾನು ಕೇಳಿಸಿಕೊಂಡಿರಲಿಲ್ಲವೆಂಬಂತೆ. ಫೋನಿನಿಂದ ಒಂದು ಕ್ಷಣದಲ್ಲಿ ಹೋಗುತ್ತದೆ ಎಂದವರು ಹಲವರು. ಪರೀಕ್ಷಿಸಿ ನೋಡಿದರೆ, ಅಲ್ಲಿಗೆ ಪ್ರವಾಸ ಹೋದವರು ಅಲ್ಲಿಯ ಅಂಗಡಿಗಳಲ್ಲಿ ಕೊಟ್ಟು ಬಂದ ಹಣ ಅದು. ಹಾಗೆ ಕೊಡಬೇಕಾದರೆ ಫೋನಿನ ಜೊತೆಗೆ ನಾವೂ ಹೋಗಬೇಕು. ಹಿಂದೆ ಅಂಚೆಯಲ್ಲಿ ಮನಿಯಾರ್ಡರ್ ಹೋಗುತ್ತಿತ್ತೆಂದು ಒಬ್ಬರು ಹೇಳಿದರು. ಕಳಿಸಿದ್ದಿರಾ ಎಂದು ಕೇಳಿದೆ. ಇಲ್ಲ.

ನೂಡಲ್ಸ್ ಗಾಡಿ ಇಟ್ಟಿದ್ದ ಒಬ್ಬ ನೇಪಾಳಿಯ ಕೈಯಲ್ಲಿ ಕೊಡಬಹುದಿತ್ತು. ಅವನು ಊರಿಗೆ ಹೋಗುವುದು ಹಬ್ಬಕ್ಕೆ, ಮದುವೆ ಅದಕ್ಕೂ ಮೊದಲು. ನಮ್ಮ ದೊಡ್ಡ ನೋಟು ಅಲ್ಲಿ ನಡೆಯುತ್ತದೆಯೇ ಎಂಬ ಬಗ್ಗೆ ಅವನಿಗೂ ಅವನ ಜೊತೆಗಾರನಿಗೂ ನಮ್ಮೆದುರಿಗೇ ವಾದವಾಯಿತು.

ಕಲ್ಲಿನ ವ್ಯಾಪಾರದ ದಲ್ಲಾಳಿಯೊಬ್ಬ, ಇಲ್ಲಿ ಮುಂಜಾನೆ ಕೊಟ್ಟರೆ ಅಲ್ಲಿ ಸಂಜೆಗೆ ಹುಡುಗಿಯ ಮನೆ ಬಾಗಿಲಿಗೆ ತಲುಪಿಸುತ್ತೇನೆ, ಒಂದು ಪೈಸೆ ಕಡಿಮೆಯಾಗುವುದಿಲ್ಲ ಎಂದ. ಇವರು ರಸೀದಿ ಕೇಳಿದರು. ಅವನು ನಕ್ಕ. ಯಾರು ಕಳಿಸಿದ್ದೆಂದು ಹೇಳಿ ಕೊಡುತ್ತೀರಿ ಎಂದು ಕೇಳಿದರು. ಈ ದಂಧೆಯಲ್ಲಿ ಅದನ್ನು ಹೇಳುವುದಿಲ್ಲ ಎಂದ.

“ಹಂಗಾದ್ರ ಅದು ಆಯೇರಿ ಅಲ್ಲಪಾ,” ಎಂದು ಇವರು ಎದ್ದರು. “ಯಾರ ಕಡಿಂದ ಬಂತು ಅನ್ನೂದ ಇಲ್ಲಿ ಮಾತು. ರೊಕ್ಕ ಆಮ್ಯಾಲಿಂದು.”

ಕಾಯಿದೆಯ ಭಯದಿಂದ ಅವರು ಅದನ್ನು ಬಿಟ್ಟರೆಂದು ಕೆಲವರು ಹೇಳುತ್ತಾರೆ. ಕಾಯಿದೆಯ ಮಾತು ಆ ಕೋಣೆಯಲ್ಲಿ ಬರಲೇ ಇಲ್ಲ.

ಉಳಿದದ್ದು ಬ್ಯಾಂಕು. ಅಲ್ಲಿಂದ ನೇಪಾಳಕ್ಕೆ ಕಳಿಸುವ ಸರಿಯಾದ ವ್ಯವಸ್ಥೆಯೇ ಇತ್ತು. ಅಧಿಕಾರಿ ಮೈಸೂರಿನ ಕಡೆಯ ಹೆಣ್ಣುಮಗಳು, ಪುಸ್ತಕದಲ್ಲಿರುವಂತೆ ಮಾತನಾಡುತ್ತಿದ್ದರು, ತಾಳ್ಮೆಯೂ ಇತ್ತು. ಪಡೆಯುವವರು ನಿಮಗೆ ಏನಾಗಬೇಕು ಎಂದು ಕೇಳಿದರು. ಇವರು ತಂಗಿ ಎಂದರು. ಅಧಿಕಾರಿ ಎರಡೂ ಹೆಸರುಗಳನ್ನು ನೋಡಿದರು, ಎರಡೂ ದೇಶಗಳನ್ನು ನೋಡಿದರು, ತಂಗಿ ಎಂದು ಬರೆದುಕೊಂಡರು.

ಐದು ಸಾವಿರದ ಒಂದು ರೂಪಾಯಿ ಕಳಿಸಬೇಕೆಂದು ಇವರು ನಿಶ್ಚಯಿಸಿದ್ದರು. ನಮ್ಮ ನೂರು ರೂಪಾಯಿ ಅಲ್ಲಿ ನೂರಾ ಅರವತ್ತಾಗುತ್ತದೆ, ಈ ದರ ಏರಿಳಿಯುವುದಿಲ್ಲ ಎಂದು ಅಧಿಕಾರಿ ಹೇಳಿದರು. ಇವರು, ಅಲ್ಲಿಗೆ ಹೋಗಿ ಎಷ್ಟಾಗುತ್ತದೆ ಎಂದು ಕೇಳಿದರು. ಎಂಟು ಸಾವಿರದ ಒಂದು ರೂಪಾಯಿ ಅರವತ್ತು ಪೈಸೆ. ಅರವತ್ತು ಪೈಸೆಯನ್ನು ಕೈಯಲ್ಲಿ ಕೊಡುವುದಿಲ್ಲ, ಬಹುಶಃ ಎಂಟು ಸಾವಿರದ ಎರಡು ಮಾಡಿ ಕೊಡುತ್ತಾರೆ ಎಂದು ಅಧಿಕಾರಿ ಸಂತೋಷದಿಂದ ಹೇಳಿದರು. ಲಾಭವೇ ಆಯಿತಲ್ಲ ಎಂಬ ಸಂತೋಷ.

ಇವರ ಮುಖ ಕಪ್ಪಿಟ್ಟಿತು. ಎರಡರಲ್ಲಿ ನಿಂತ ಆಯೇರಿಯನ್ನು ಅವರು ಜೀವಮಾನದಲ್ಲಿ ಕೂಗಿರಲಿಲ್ಲ. ಹಾಗಾದರೆ ಐದು ಸಾವಿರ ಕಳಿಸಿ ಎಂದು ಅಧಿಕಾರಿ ಸೂಚಿಸಿದರು. ಅದು ಎಂಟು ಸಾವಿರವಾಗುತ್ತದೆ, ಸೊನ್ನೆ. ಇವರು ಚಲನ್ನಿನ ಹಿಂಬದಿಯನ್ನು ತಿರುಗಿಸಿ ಲೆಕ್ಕಕ್ಕೆ ಕುಳಿತರು. ಅಲ್ಲಿ ಎಂಟು ಸಾವಿರದ ಒಂದು ಆಗಬೇಕಾದರೆ ಇಲ್ಲಿಂದ ಎಷ್ಟು ಹೊರಡಬೇಕು? ನಾನೂ ಬೇರೆಯಾಗಿ ಮಾಡಿದೆ. ಇಬ್ಬರದೂ ಒಂದೇ ಬಂತು.

“ಮೇಡಮ್ಮಾರ, ಐದು ಸಾವಿರ ರೂಪಾಯಿ ಅರವತ್ತೆರಡೂವರಿ ಪೈಸಾ ಕಳಸ್ರಿ,” ಎಂದರು.

“ಅರ್ಧ ಪೈಸೆಯನ್ನು ವ್ಯವಸ್ಥೆ ಸ್ವೀಕರಿಸುವುದಿಲ್ಲ, ಸರ್.”

“ಯಾಕ ಸ್ವೀಕರಸೂದಿಲ್ಲ? ನಾ ಕೊಡಾಕತ್ತೇನಿ.”

“ಅರ್ಧ ಪೈಸೆಯ ನಾಣ್ಯವೇ ಇಲ್ಲ, ಸರ್.”

“ಪೈಸಾದ್ದೂ ಎಲ್ಲೈತ್ರಿ? ಅದನ್ನ ಹೆಂಗ ತಗೋತೀರಿ ಹಂಗ ಇದನ್ನೂ ತಗೋರಿ.”

ಇದೇ ಆ ಜಗಳ. ಧ್ವನಿ ಏರಲಿಲ್ಲ; ಆದರೆ ಅವರು ಒಂದೊಂದು ಅಕ್ಷರವನ್ನೂ ಇಳಿಸುತ್ತಿದ್ದ ರೀತಿಯಿಂದ ಇಡೀ ಬ್ಯಾಂಕಿಗೆ ಕೇಳುತ್ತಿತ್ತು. ಸಾಲಿನಲ್ಲಿ ಹಿಂದೆ ನಿಂತವರು ಒಂದು ರೂಪಾಯಿ ಎಂದಷ್ಟೇ ಹಿಡಿದುಕೊಂಡು ಮನೆಗೆ ಹೋದರು. ಕೊನೆಗೆ ಅಧಿಕಾರಿ ಅರವತ್ತಮೂರು ಪೈಸೆಗೆ ಒಪ್ಪಿದರು. ಅಲ್ಲಿಗೆ ಹೋದಾಗ ಎಂಟು ಸಾವಿರದ ಒಂದು ಆಗಿ, ಮೇಲೆ ಒಂದು ಪೈಸೆಯೂ ಪೂರ್ತಿ ಉಳಿಯುವುದಿಲ್ಲ. ಆ ಚೂರನ್ನು ಅಲ್ಲಿಯ ಸರಕಾರ ಇಟ್ಟುಕೊಳ್ಳಲಿ ಎಂದು ಇವರು ಉದಾರವಾಗಿ ಬಿಟ್ಟುಕೊಟ್ಟರು.

ಎಲ್ಲ ಮುಗಿದು ಸಹಿ ಹಾಕುವಾಗ ಅಧಿಕಾರಿ ಇನ್ನೊಂದು ಮಾತು ಹೇಳಿದರು. ನಿಮ್ಮ ತಂಗಿಗೆ ಅಲ್ಲಿ ಖಾತೆ ಇಲ್ಲ, ಕೌಂಟರಿನಲ್ಲಿ ನಗದು ಪಡೆಯುತ್ತಾರೆ. ಆಗ ಅಲ್ಲಿಯವರು ತಮ್ಮ ಶುಲ್ಕವನ್ನು ಮುರಿದುಕೊಳ್ಳಬಹುದು. ಎಷ್ಟು ಎಂದು ಇವರು ಕೇಳಿದರು. ಇಲ್ಲಿಂದ ಹೇಳಲು ಬರುವುದಿಲ್ಲ. ಆ ಶುಲ್ಕವನ್ನೂ ಇಲ್ಲೇ ಕಟ್ಟುತ್ತೇನೆ ಎಂದರು. ಅದಕ್ಕೆ ಅವಕಾಶವಿಲ್ಲ. ಪೆನ್ನು ಕೈಯಲ್ಲೇ ಇತ್ತು. ಕಳಿಸದೆ ಬಿಟ್ಟರೆ ಹುಡುಗಿಗೆ ಮಾಮಾ ಇಲ್ಲ. ಕಳಿಸಿದರೆ ಮುರಿದ ಆಯೇರಿ. ಬೇರೆ ದಾರಿ ಹುಡುಕಲು ದಿನ ಉಳಿದಿರಲಿಲ್ಲ. ಅವರು ಸಹಿ ಹಾಕಿದರು.

ಮದುವೆಯ ಹಿಂದಿನ ದಿನ ತಂಗಿಯ ಫೋನು ಬಂತು. ನಾನು ಅವರ ಮನೆಯಲ್ಲೇ ಇದ್ದೆ. ಹಣ ಬಂತೇ ಎಂದು ಅವರು ಕೇಳಲಿಲ್ಲ. “ಎಷ್ಟು ಬಂತು?” ಎಂದು ಕೇಳಿದರು.

“ಎಂಟು ಸಾವಿರದ ಒಂದು ಮುಟ್ಟೇತಿ ಅಣ್ಣಾ.”

“ಪೂರ್ತಿ?”

“ಪೂರ್ತಿ. ಒಂದರ ನಾಣ್ಯ ಬ್ಯಾರೆ ಕೊಟ್ರು. ನಾನ ಎಣಿಸಿಕೊಂಡೇನಿ.”

ಶುಲ್ಕ ಮುರಿಯುವ ಕೌಂಟರಿನವರು ಒಂದರ ನಾಣ್ಯವನ್ನು ಬೇರೆಯಾಗಿ ಹುಡುಕಿ ಕೊಟ್ಟರೆಂಬುದನ್ನು ನಾನು ನಂಬಲಿಲ್ಲ. ಇಳಕಲ್ಲಿನಲ್ಲಿ ಅಷ್ಟು ವರ್ಷ ರೊಟ್ಟಿ ಬಡಿದವಳಿಗೆ ಆಯೇರಿ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿತ್ತು. ಕಡಿಮೆಯಾದದ್ದನ್ನು ಅವಳೇ ತನ್ನ ಗಂಟಿನಿಂದ ತುಂಬಿದ್ದಾಳೆ ಎಂದು ನನ್ನ ಅಭಿಪ್ರಾಯ. ಅದನ್ನು ನಾನು ಅವರಿಗೆ ಹೇಳಿಯೂ ಬಿಟ್ಟೆ. ಹೇಳದೆ ಇರುವುದು ನನಗೆ ಬರುವುದಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, ತಮಗೂ ಲೆಕ್ಕ ಬರುತ್ತದೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, “ತಗೊಂಡಾಕಿ ಎಷ್ಟಂತಾಳ ಅಷ್ಟ ಮುಟ್ಟಿದ್ದು. ಕೊಟ್ಟಾವ ಅದನ್ನ ತಿರುಗಿ ಎಣಸಬಾರದು,” ಎಂದರು.

ಮದುವೆಯ ದಿನ ಬಾಗಲಕೋಟೆಯ ಪಾಳಿಯೂ ಇತ್ತು. ತಪ್ಪಿಸುವಂತಿರಲಿಲ್ಲ. ಅವರು ಭಂಡಾರ ಹಚ್ಚಿಕೊಂಡು, ಹೊಸ ಅಂಗಿ ತೊಟ್ಟು ಬಂದಿದ್ದರು. ಯಂತ್ರಕ್ಕೆ ಜೋಡಿಸಲು ನರ್ಸು ಆ ಹೊಸ ಅಂಗಿಯ ಎಡತೋಳನ್ನು ಹೆಗಲವರೆಗೆ ಮಡಚಿದಳು. ಎರಡೂ ಕೊಳವೆಗಳಲ್ಲಿ ರಕ್ತ ಹರಿಯತೊಡಗಿದ ಮೇಲೆ ಫೋನು ಬಂತು. ಬಲಗೈಗೆ ಬಿಪಿಯ ಪಟ್ಟಿ ಸುತ್ತಿದ್ದರಿಂದ ಅದರಲ್ಲಿ ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ, ನಾನು ಬಾಯಿಯ ಹತ್ತಿರ ಹಿಡಿದೆ. ಪರದೆಯಲ್ಲಿ ಬಹಳ ಜನ, ಕೆಂಪು ಬಟ್ಟೆ, ಹೊಗೆ. ಹುಡುಗಿ ಮಣೆಯ ಪಕ್ಕದಲ್ಲಿ ನಿಂತೇ ಇದ್ದಳು. ತಾಯಿ ಅಲ್ಲಿಯ ಮೈಕನ್ನು ಫೋನಿಗೆ ಹಿಡಿದಿದ್ದಾಳೆಂದು ಆಮೇಲೆ ತಿಳಿಯಿತು.

ಅವರು ಗಂಟಲು ಸರಿಮಾಡಿಕೊಂಡರು.

“ಕರ್ನಾಟಕ ರಾಜ್ಯ, ಬಾಗಲಕೋಟೆ ಜಿಲ್ಲೆ, ಇಳಕಲ್ ಊರಿನಿಂದ, ಹುಡುಗಿಯ ಸ್ವಂತ ಸೋದರಮಾವನಿಂದ, ಎಂಟು ಸಾವಿರದ ಒಂದು ರೂಪಾಯಿ ಆಯೇರಿ.”

ಕೋಣೆಯಲ್ಲಿದ್ದ ಉಳಿದ ರೋಗಿಗಳು ತಲೆ ಎತ್ತಿದರು. ನರ್ಸು ಬಂದು ಯಂತ್ರ ನೋಡಿ, “ಅಜ್ಜಾರ, ಸಾವಕಾಶ ಮಾತಾಡ್ರಿ, ಬಿಪಿ ಏರಾಕತ್ತೇತಿ,” ಎಂದಳು. ಆ ಕಡೆ ಗದ್ದಲ ನಿಂತಿತ್ತು. ಅಲ್ಲಿದ್ದವರಲ್ಲಿ ಈ ಮಾತು ತಿಳಿಯುವವರು ಇಬ್ಬರೇ. ಆದರೆ ಎಲ್ಲರೂ ಮೈಕಿನ ಕಡೆಗೆ ನೋಡುತ್ತಿದ್ದರು. ಹುಡುಗಿ ಫೋನಿನ ಹತ್ತಿರ ಮುಖ ತಂದಳು.

“ಮಾಮಾ, ಇನ್ನೊಮ್ಮಿ ಹೇಳ್ರಿ. ಅತ್ತಿ ಈಗ ಬಂದು ಕುಂತಾರ.”

ಅವರು ನರ್ಸಿನ ಕಡೆಗೆ ನೋಡಲಿಲ್ಲ. ಇನ್ನೊಮ್ಮೆ ಹೇಳಿದರು.